ಕೊಡದವ್ವನ ಮೂರು ಹೆಜ್ಜೆ

ಮೂರೇ ಹೆಜ್ಜೆಗಳಲ್ಲಿ ಮೂರು ಲೋಕಗಳನ್ನು ಅಳೆದ ಸ್ವಾಮಿಗೆ ಮೊದಲ ವಂದನೆ. ಆ ಪಾದಕ್ಕೆ ತಲೆಯೊಡ್ಡಿ ನಿಂತ ದೊರೆಗೂ ವಂದನೆ. ಸೋಲಬಲ್ಲವನೊಬ್ಬನು ಎದುರಿಗಿಲ್ಲದೆ ಗೆಲುವು ಯಾವ ಲೋಕದಲ್ಲಿಯೂ ಬೆಳಗಲಿಲ್ಲ. ಅಕ್ಷರಗಳನ್ನೆಲ್ಲ ಹೆತ್ತ ತಾಯಿ ನನ್ನ ನಾಲಗೆಯ ಮೇಲೆ ಒಂದು ಗಳಿಗೆ ನೆಲಸಲಿ. ಅದಕ್ಕಿಂತ ಹೆಚ್ಚು ಬೇಡುವುದಿಲ್ಲ. ಈ ಕಥೆಗೆ ದೊರೆತ ಕಾಲವೂ ಅಷ್ಟೇ.

ನಮ್ಮ ಊರಿನ ನಡುವೆ ಕಾಳಗದ ಚಾವಡಿ ಎಂಬ ಉದ್ದನೆಯ ಕಟ್ಟಡವಿದೆ. ಅದರ ಗೋಡೆಯ ಮೇಲೆ ನಲವತ್ತೆಂಟು ಪರದೆಗಳು. ಒಂದೊಂದು ಪರದೆಯಲ್ಲಿ ಒಬ್ಬೊಬ್ಬ ಕಾದಾಳು. ಆಟದ ಸ್ವರೂಪ ಸರಳವಾದದ್ದು. ಶೂನ್ಯದಲ್ಲಿ ತೇಲುವ ಒಂದು ಜಗಲಿ, ಅದರ ಮೇಲೆ ಇಬ್ಬರ ಕಾಳಗ. ಹೊಡೆತ ತಿಂದಷ್ಟೂ ಕಾದಾಳು ಹಗುರಾಗುವನು. ಹಗುರಾದಷ್ಟೂ ಮುಂದಿನ ಹೊಡೆತಕ್ಕೆ ದೂರ ಹಾರುವನು. ಮರಳಿ ಬಂದು ಜಗಲಿಯ ಅಂಚನ್ನು ಹಿಡಿಯಲಾಗದೆ ಬಿದ್ದರೆ ಒಂದು ಪ್ರಾಣ ಹೋಯಿತು. ಒಬ್ಬೊಬ್ಬರಿಗೆ ಮೂರು ಪ್ರಾಣ, ಒಂದು ಸುತ್ತಿಗೆ ಎಂಟು ನಿಮಿಷ, ಒಂದು ಪಂದ್ಯಕ್ಕೆ ಮೂರು ಸುತ್ತು.

ಆಟವನ್ನು ಒಲಿದವರು ಒಬ್ಬ ಕಾದಾಳನ್ನು ಆರಿಸಿಕೊಳ್ಳುತ್ತಾರೆ. ಬದುಕಿರುವವರೆಗೆ ಆ ಕಾದಾಳು ಅವರದೇ. ಅವರು ತೀರಿಕೊಂಡ ಮೇಲೆ ಅವರ ಕೈ ಕಾದಾಳಿನಲ್ಲಿ ಉಳಿಯುತ್ತದೆ. ಯಾರೂ ಮುಟ್ಟದಿರುವಾಗ ಅದು ತನ್ನ ಪರದೆಯಲ್ಲಿ ಹೋದವರಂತೆಯೇ ನಿಲ್ಲುತ್ತದೆ, ಹೋದವರಂತೆಯೇ ತಿರುಗುತ್ತದೆ. ಆದ್ದರಿಂದ ಮಧ್ಯಾಹ್ನದ ಊಟ ಮುಗಿಸಿ ಚಾವಡಿಗೆ ಹೋಗಿ ತಮ್ಮವರ ಎದುರು ಕುಳಿತುಕೊಳ್ಳುವುದು ನಮ್ಮ ವಾಡಿಕೆ. ಹೆಂಗಸರು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಾರೆ. ಗಂಡಸರು ಎಲೆಯಡಿಕೆ ಹಾಕಿಕೊಳ್ಳುತ್ತಾರೆ. ತಂದೆಯ ಕಾದಾಳು ಕೆಮ್ಮಿದಾಗ ಮಗಳು ಮೊರದಿಂದ ತಲೆಯೆತ್ತದೆಯೇ, "ಮೊಸರು ಬೇಡ ಅಂದ್ರೆ ಕೇಳ್ಬೇಕಲ್ಲ" ಎಂದು ಗದರುತ್ತಾಳೆ.

ಹೊಸಬರೊಬ್ಬರು ಆ ಕಾದಾಳನ್ನು ಬಯಸಿದರೆ ತಾಂಬೂಲ ಹಿಡಿದು ಬಂದು ಮನೆಯವರಲ್ಲಿ ಕೈ ಕೇಳಬೇಕು. ಒಪ್ಪಿಕೊಟ್ಟ ದಿನ ಚಾವಡಿಯಲ್ಲಿ ಗಳಿಗೆ ಬಟ್ಟಲು ಇಡುತ್ತಾರೆ. ತಳದಲ್ಲಿ ಸೂಜಿಮೊನೆಯಷ್ಟು ತೂತಿರುವ ತಾಮ್ರದ ಬಟ್ಟಲು ಅದು. ನೀರಿನ ಕೊಪ್ಪರಿಗೆಯಲ್ಲಿ ತೇಲಬಿಟ್ಟರೆ ಇಪ್ಪತ್ತನಾಲ್ಕು ನಿಮಿಷಕ್ಕೆ ಮುಳುಗುತ್ತದೆ. ಹೊಸ ಕೈ ಅಷ್ಟು ಹೊತ್ತು ಆಡಿದರೆ ಹಳೆಯ ಕೈ ಪೂರ್ತಿ ಅಳಿಸಿಹೋಗುತ್ತದೆ. ಅಳುವವರು ಬಟ್ಟಲು ಮುಳುಗುವವರೆಗೆ ಅಳುತ್ತಾರೆ. ಮುಳುಗಿದ ಮೇಲೆ ಹೊಸಬರ ಕೈಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಮನೆಗೆ ಹೋಗುತ್ತಾರೆ.

ನಾನು ಶಿತಿಕಂಠ ಶಾಸ್ತ್ರಿ, ಇಲ್ಲಿನ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಪಂಡಿತನಾಗಿದ್ದವನು. ಸೇವೆಯಲ್ಲಿದ್ದಷ್ಟು ಕಾಲವೂ ಚಾವಡಿಯ ಹೊಸ್ತಿಲನ್ನು ತುಳಿಯಲಿಲ್ಲ. ಗುಂಡಿ ಒತ್ತುವ ಕೆಲಸದಲ್ಲಿ ವಿದ್ಯೆಯೆಂಬುದು ಇರಬಹುದೆಂದು ನನಗೆ ತೋರಲಿಲ್ಲ. ನನ್ನ ಹೆಂಡತಿ ವಾರಿಜಾಕ್ಷಿ ಮಾತ್ರ ಪ್ರತಿ ಮಧ್ಯಾಹ್ನ ಅಲ್ಲಿಗೆ ಹೋಗುತ್ತಿದ್ದಳು. ಶಾಲೆಯಿಂದ ಊಟಕ್ಕೆ ಬಂದು ನಾನು ತಾಳೆಗರಿಯ ಹಳೆಯ ಪದ್ಯಗಳ ಮೇಲೆ ಬಾಗಿ ಕುಳಿತಿರುವಾಗ ಬಾಗಿಲ ಬಳಿ ನಿಂತು, "ಹೋಗ್ಬರ್ತೀನಿ" ಎನ್ನುತ್ತಿದ್ದಳು. ನಾನು "ಹೂಂ" ಎನ್ನುತ್ತಿದ್ದೆ. ದಾಂಪತ್ಯದ ಇಪ್ಪತ್ತೆಂಟು ವರ್ಷಗಳಲ್ಲಿ ಅವಳು ಆಡುವುದನ್ನು ಒಮ್ಮೆಯೂ ನೋಡಲಿಲ್ಲ. ಹಿಂದಿನ ಈ ಒಂದು ವಾಕ್ಯವನ್ನು ಬರೆಯಲು ನನಗೆ ಮೂರು ದಿನ ಹಿಡಿಯಿತು.

ಅವಳು ತೀರಿಕೊಂಡ ಹದಿನಾಲ್ಕನೆಯ ದಿನ ಮೊದಲ ಬಾರಿಗೆ ಚಾವಡಿಗೆ ಹೋದೆ. ಅವಳ ಕಾದಾಳು ಕೊಡದವ್ವ: ಸೊಂಟದ ಮೇಲೆ ನೀರಿನ ಕೊಡ ಹೊತ್ತ ಒಬ್ಬ ಕುಳ್ಳ ಹೆಂಗಸು. ನಲವತ್ತೆಂಟರಲ್ಲಿ ಅವಳಷ್ಟು ಬಲಹೀನರು ಇನ್ನೊಬ್ಬರಿಲ್ಲವೆಂದು ಊರೇ ಹೇಳುತ್ತಿತ್ತು. ಮಂದ ನಡೆ, ಗಿಡ್ಡ ಜಿಗಿತ. ಹೊರಗೆ ಎಸೆಯಲ್ಪಟ್ಟರೆ ಮರಳಿ ಬರುವಾಗ ಅಂಚಿಗೆ ಒಂದು ಗೇಣು ಸಾಲದೆ ಬೀಳುವವಳು. ಆ ಮಧ್ಯಾಹ್ನ ಅವಳು ಪರದೆಯಲ್ಲಿ ಒಬ್ಬಳೇ ನಿಂತಿದ್ದಳು. ನಾನು ನೋಡುತ್ತಿದ್ದಂತೆ ಬಲಗೈಯ ಮಣಿಕಟ್ಟಿನಿಂದ ಹಣೆಯ ಕೂದಲನ್ನು ಹಿಂದಕ್ಕೆ ತಳ್ಳಿದಳು. ಬೆರಳಿಗೆ ಹಿಟ್ಟು ಮೆತ್ತಿಕೊಂಡಿರುವಾಗ ವಾರಿಜೆ ಹಾಗೆ ಮಾಡುತ್ತಿದ್ದಳು. ಬೆಂಚಿನ ಮೇಲೆ ಕುಳಿತುಬಿಟ್ಟೆ.

ಆಮೇಲೆ ಅವಳು ಎಡಕ್ಕೆ ಮೂರು ಹೆಜ್ಜೆ ನಡೆದು ಜಗಲಿಯ ಅಂಚಿಗೆ ಬಂದಳು. ಕೊಡವನ್ನು ಸೊಂಟದಿಂದ ಇಳಿಸಿ ಶೂನ್ಯದ ಮೇಲೆ ಚಾಚಿ ಹಿಡಿದಳು. ಬಗ್ಗಿ ಕೆಳಗೆ ನೋಡಿದಳು. ಬಹಳ ಹೊತ್ತು ನೋಡಿ, ಕೊಡವನ್ನು ಮತ್ತೆ ಸೊಂಟಕ್ಕೇರಿಸಿ, ಮೂರು ಹೆಜ್ಜೆ ಹಿಂದಿರುಗಿದಳು. ನಮ್ಮ ಮನೆ ಚಾವಡಿಯ ಎಡಕ್ಕಿದೆ. ಅವಳು ನನ್ನ ದಾರಿ ನೋಡುತ್ತಿದ್ದಾಳೆ ಎಂದು ಆ ಕ್ಷಣ ನಿಶ್ಚಯಿಸಿದೆ. ಇಷ್ಟು ವರ್ಷ ಬಾರದವನು ಈಗಲಾದರೂ ಬಂದನೇ ಎಂದು ನೋಡುತ್ತಿದ್ದಾಳೆ. ಆ ನಿಶ್ಚಯವನ್ನು ಅಪ್ಪಿಕೊಂಡು ಎರಡು ವರ್ಷ ಪ್ರತಿ ಮಧ್ಯಾಹ್ನ ಅಲ್ಲಿ ಕುಳಿತೆ. ಕೊಡದವ್ವನ ಕೈ ಕೇಳಲು ಯಾರೂ ಬರಲಿಲ್ಲ. ಬಲವಿಲ್ಲದವಳು ಯಾರಿಗೆ ಬೇಕು? ಅವಳ ದೌರ್ಬಲ್ಯವೇ ನನ್ನ ಪಾಲಿನ ದೇವರ ದಯೆಯೆಂದು ತಿಳಿದಿದ್ದೆ.

ಮೂರನೆಯ ವರ್ಷದ ಆಶ್ವೀಜದಲ್ಲಿ ಚಾವಡಿಯ ಹಿರಿಯರಾದ ಗುರುಬಸವಯ್ಯನವರು ಬಲಾಬಲದ ಪಟ್ಟಿಯನ್ನು ಓದಿದರು. ಯಾವ ಕಾದಾಳು ಮೊದಲು, ಯಾವುದು ಕಡೆ ಎಂಬುದನ್ನು ಅವರು ವರ್ಷಕ್ಕೊಮ್ಮೆ ಹೀಗೆ ಸಾರುತ್ತಾರೆ. ಮೊದಲನೆಯದು ಎಂದಿನಂತೆ ಹೊನ್ನಗರಿ, ಗಾಳಿಯಲ್ಲಿ ಮೂರು ಸಲ ಜಿಗಿಯಬಲ್ಲ ಹಕ್ಕಿಗಾಲಿನ ಕಾದಾಳು. ಕಡೆಯದು ಕೊಡದವ್ವ. ಓದಿ ಮುಗಿಸಿ, ಕನ್ನಡಕ ತೆಗೆದು, ಅವರು ನನ್ನ ಬೆಂಚಿನ ಬಳಿಗೆ ಬಂದರು.

"ಶಾಸ್ತ್ರಿಗಳೇ, ನಿಯಮ ನಿಮಗೆ ಗೊತ್ತಲ್ಲ. ಮೂರು ವರ್ಷ ಒಂದು ಸುತ್ತೂ ಗೆಲ್ದೆ ಇದ್ರೆ ಇಳಿಸ್ಬೇಕು. ಗೋಡೇಲಿ ನಲವತ್ತೆಂಟಕ್ಕೇ ಜಾಗ. ಹೊಸದೊಂದು ಆಗ್ಲೇ ಬಂದು ಕಾಯ್ತಾ ಇದೆ."

"ಇಳಿಸಿದ ಮೇಲೆ ಅದು ಎಲ್ಲಿಗೆ ಹೋಗುತ್ತೆ?"

"ಅದನ್ನ ನಮ್ಮಪ್ಪನ ಕಾಲದಿಂದ ಯಾರೂ ಕೇಳಿಲ್ಲ" ಎಂದರು. ಕನ್ನಡಕವನ್ನು ಪಂಚೆಯ ಅಂಚಿನಲ್ಲಿ ಒರೆಸುತ್ತ ಮುಂದುವರಿಸಿದರು. "ಕಾರ್ತಿಕದ ಹುಣ್ಣಿಮೆವರೆಗೂ ಟೈಮಿದೆ. ಕಡೇದು ಮೊದಲನೇದನ್ನ ಎದುರಿಸಿ ಒಂದು ಸುತ್ತು ಗೆದ್ರೆ ಇನ್ನು ಮೂರು ವರ್ಷ ಯಾರೂ ಮುಟ್ಟಲ್ಲ. ಆದರೆ ಕೊಡದವ್ವನ್ನ ಹಿಡಿದು ಆಡೋರು ಬೇಕಲ್ಲ."

"ನಾನು ಹಿಡೀತೀನಿ."

ಪಕ್ಕದ ಬೆಂಚಿನಲ್ಲಿ ಅಕ್ಕಿ ಆರಿಸುತ್ತಿದ್ದವರ ಕೈಗಳು ನಿಂತವು. ಗುರುಬಸವಯ್ಯನವರು ಕನ್ನಡಕವನ್ನು ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. "ಮೂರು ಸುತ್ತೂ ಪೂರ್ತಿ ಆಡಿದ್ರೆ ಎಂಟ್ಮೂರ್ಲಿ ಇಪ್ಪತ್ನಾಲ್ಕು. ಬಟ್ಟಲು ಮುಳುಗುತ್ತೆ ಶಾಸ್ತ್ರಿಗಳೇ. ಅವಳನ್ನ ಉಳಿಸೋಕೆ ಹೋಗಿ ನೀವೇ ಅಳಿಸಿಬಿಟ್ಟೀರಿ."

ಕಷ್ಟದ ನಿಜರೂಪ ಇದಾಗಿತ್ತು. ಅಭ್ಯಾಸವಿಲ್ಲದೆ ಗೆಲ್ಲಲಾರೆ, ಅಭ್ಯಾಸ ಮಾಡಿದ ಪ್ರತಿ ನಿಮಿಷವೂ ಬಟ್ಟಲಿನೊಳಗಿನ ನೀರಾಗುವುದು. ಇನ್ನೊಬ್ಬರ ಕೈಯಲ್ಲಿ ಆಡಿಸಿದರೂ ಅದೇ ಗತಿ.

ಹೊನ್ನಗರಿಯನ್ನು ಆಡುವವಳು ಹಿಟ್ಟಿನ ಗಿರಣಿಯ ಜುಲೇಖಾ. ನಲವತ್ತು ದಾಟಿದ ವಿಧವೆ. ಎಂಟು ವರ್ಷಗಳಿಂದ ಅವಳನ್ನು ಯಾರೂ ಸೋಲಿಸಿಲ್ಲ. ಅವಳ ಗಿರಣಿಗೆ ಹೋದೆ. ಅವಳು ರಾಗಿಯನ್ನು ಗಿರಣಿಯ ಬಾಯಿಗೆ ಸುರಿದು ಬೆಲ್ಟಿನ ಸದ್ದನ್ನು ಕಿವಿಗೊಟ್ಟು ಕೇಳುತ್ತಿದ್ದಳು. ನನ್ನನ್ನು ಕಂಡು ಮೋಟಾರು ನಿಲ್ಲಿಸಿದಳು.

"ಬನ್ನಿ ಮೇಷ್ಟ್ರೇ. ಡಬ್ಬ ತಂದಿಲ್ಲ, ಹಾಗಾದ್ರೆ ಹಿಟ್ಟಿಗಲ್ಲ ಬಂದಿರೋದು."

ವಿಷಯ ಹೇಳಿದೆ. ನಾಚಿಕೆ ಬಿಟ್ಟು ಇನ್ನೊಂದು ಮಾತನ್ನೂ ಕೇಳಿದೆ: ಒಂದು ಸುತ್ತು ಸುಮ್ಮನೆ ಬಿಟ್ಟುಕೊಡಲಾಗದೇ?

ಜುಲೇಖಾ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು. "ಬಿಟ್ಟುಕೊಟ್ರೆ ಪರದೆ ಒಪ್ಪಲ್ಲ, ಸುತ್ತೇ ಲೆಕ್ಕಕ್ಕಿರಲ್ಲ. ಒಪ್ಪಿದ್ರೂ ನಾನು ಕೊಡ್ತಿರ್ಲಿಲ್ಲ. ಹತ್ತನೇ ಕ್ಲಾಸಲ್ಲಿ ಛಂದಸ್ಸಿನ ಪ್ರಶ್ನೆಗೆ ನನಗೆ ಎರಡು ಮಾರ್ಕು ಸಾಲದೆ ಬಂತು. ಅಬ್ಬಾಜಾನ್ ನಿಮ್ಮನೆ ಬಾಗಿಲಿಗೆ ಬಂದು ಕೈಮುಗಿದ್ರು. ಕೊಟ್ರಾ ನೀವು?"

"ಗುರು ಇದ್ದಲ್ಲಿ ಲಘು ಹಾಕಿದ್ದೆ ನೀನು."

"ನೋಡಿ, ಇವತ್ತಿಗೂ ನೆನಪಿದೆ ಇವರಿಗೆ" ಎಂದು ಗಿರಣಿಯ ಕಲ್ಲಿಗೆ ಹೇಳಿದಳು. ನಗುತ್ತಿದ್ದಳು. ಆಮೇಲೆ ನಗು ನಿಲ್ಲಿಸಿದಳು. "ನನಗೆ ಆಟ ಕಲಿಸಿದ್ದು ವಾರಿಜಮ್ಮ. ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ.

"ಹತ್ತನೇ ಕ್ಲಾಸು ಫೇಲಾಗಿ ಚಾವಡಿ ಮೂಲೇಲಿ ಅಳ್ತಾ ಕೂತಿದ್ದೆ. ಅಮ್ಮ ಬಂದು ಪಕ್ಕ ಕೂತ್ರು. ಅಳೋದು ಆಮೇಲೆ ಅಳು, ಮೊದಲು ಇದನ್ನ ಹಿಡಿ ಅಂದ್ರು. ಕೊಡದವ್ವನಂಥ ಕೆಲಸಕ್ಕೆ ಬಾರದೋಳನ್ನ ಯಾಕಮ್ಮ ಆರಿಸ್ಕೊಂಡ್ರಿ ಅಂತ ಒಂದಿನ ಕೇಳಿದೆ. ಬಲ ಇರೋದನ್ನ ಹಿಡಿದ್ರೆ ಅದು ನಮ್ಮನ್ನ ಆಡಿಸುತ್ತೆ, ಬಲ ಇಲ್ಲದ್ದನ್ನ ನಾವು ಓದ್ಬೇಕಾಗುತ್ತೆ ಅಂದ್ರು. ಗೆದ್ದ ದಿನ ಮನೆಗೆ ಬಂದು ನಿಮಗೆ ಹೇಳ್ತಿರ್ಲಿಲ್ವಾ?"

ಕೆಲವು ದಿನ ವಾರಿಜೆ ವಿನಾಕಾರಣವಾಗಿ ಹೆಸರುಬೇಳೆಯ ಪಾಯಸ ಮಾಡುತ್ತಿದ್ದಳು. ಹಬ್ಬವಿಲ್ಲ, ವ್ರತವಿಲ್ಲ. "ಇವತ್ತೇನು ವಿಶೇಷ?" ಎಂದು ಕೇಳಿದರೆ, "ಏನಿಲ್ಲ" ಎನ್ನುತ್ತಿದ್ದಳು. ನಾನು ಎರಡನೆಯ ಸಲ ಕೇಳಿದವನಲ್ಲ. ಪಾಯಸವನ್ನು ಮಾತ್ರ ಎರಡನೆಯ ಸಲ ಬಡಿಸಿಕೊಂಡವನು. ಗಿರಣಿಯ ಕಟ್ಟೆಯ ಮೇಲೆ ಕುಳಿತು ಇದನ್ನು ಹೇಳಿದೆ. ಜುಲೇಖಾ ಒಳಗೆ ಹೋಗಿ ಹಳೆಯ ಕಂಟ್ರೋಲರ್ ಒಂದನ್ನು ತಂದು ನನ್ನ ಮಡಿಲಲ್ಲಿಟ್ಟಳು. ಅದರ ತಂತಿ ಕತ್ತರಿಸಿಹೋಗಿತ್ತು.

"ಅಮ್ಮನದು. ಹಾಳಾಯ್ತು ಅಂತ ನನ್ಹತ್ರ ಇಟ್ಟಿದ್ರು. ಇದನ್ನ ಯಾವುದಕ್ಕೂ ಜೋಡ್ಸೋಕಾಗಲ್ಲ, ಬಟ್ಟಲೂ ಮುಳುಗಲ್ಲ. ದಿನಾ ಸಾಯಂಕಾಲ ನಾಲ್ಕಕ್ಕೆ ಬನ್ನಿ, ಕಲಿಸ್ತೀನಿ. ಹುಣ್ಣಿಮೆ ದಿನ ಮಾತ್ರ ನಿಮ್ಮನ್ನ ಚಚ್ಚಿಹಾಕ್ತೀನಿ, ಆಮೇಲೆ ಬೇಜಾರು ಮಾಡ್ಕೋಬಾರ್ದು."

ಹೆಬ್ಬೆರಳು ತಾಗುವ ಗುಂಡಿಯ ಮೇಲೆ ಸವೆದು ಒಂದು ತಗ್ಗು ಬಿದ್ದಿತ್ತು. ನನ್ನ ಹೆಬ್ಬೆರಳಿಗೆ ಅದು ಕಿರಿದಾಗಿತ್ತು.

ಹೀಗೆ ಅರವತ್ತೆರಡನೆಯ ವಯಸ್ಸಿನಲ್ಲಿ, ನನ್ನಿಂದ ಅನುತ್ತೀರ್ಣಳಾದವಳ ಬಳಿ ವಿದ್ಯಾರ್ಥಿಯಾದೆ. ಪರದೆ ಒಂದು ಸೆಕೆಂಡಿನಲ್ಲಿ ಅರವತ್ತು ಸಲ ಮಿಟುಕುತ್ತದೆ, ಎಲ್ಲ ವಿದ್ಯೆಯೂ ಆ ಮಿಟುಕುಗಳ ಎಣಿಕೆಯಲ್ಲಿದೆ ಎಂದು ಅವಳು ಹೇಳಿದಳು. ಜಿಗಿದ ಮೂರನೆಯ ಮಿಟುಕಿನಲ್ಲಿ ಓರೆಯಾಗಿ ನೆಲದ ಕಡೆಗೆ ನುಸುಳಿದರೆ ಕಾದಾಳು ಮೇಲೇರದೆ ನೆಲದ ಮೇಲೆ ಜಾರುವಳು. ಇದು ಜಾರುನಡೆ, ಮಂದಗಾಮಿಗಳ ಪಾಲಿನ ವರ. ಹೊಡೆಯುತ್ತ ಇಳಿಯುವಾಗ ಪಾದ ನೆಲ ಮುಟ್ಟುವ ಮೊದಲಿನ ನಾಲ್ಕು ಮಿಟುಕಿನಲ್ಲಿ ಹೊಡೆತ ತಡೆಯುವ ಕಾಪಿನ ಗುಂಡಿ ಒತ್ತಿದರೆ ಮುಗ್ಗರಿಕೆ ಅರ್ಧವಾಗುವುದು, ಇದು ಅರೆಯಿಳಿತ. ದೊಡ್ಡ ಹೊಡೆತ ಬಿದ್ದಾಗ ಅದಕ್ಕೆ ಎದುರಾಗಿ ಕಂಟ್ರೋಲರಿನ ಕಡ್ಡಿಯನ್ನು ಬಾಗಿಸಬಾರದು, ಅಡ್ಡಲಾಗಿ ಬಾಗಿಸಬೇಕು. ಆಗ ಹಾರುವ ದಿಕ್ಕು ಮೂಲೆಗೆ ತಿರುಗಿ ಪ್ರಾಣ ಉಳಿಯುವುದು. "ದುಃಖದಲ್ಲೂ ಅಷ್ಟೇ ಮೇಷ್ಟ್ರೇ" ಎಂದಳು ಜುಲೇಖಾ. "ಎದುರು ನಿಲ್ಬಾರ್ದು, ಓರೆ ಆಗ್ಬೇಕು."

ಮೂರು ಮಿಟುಕು, ನಾಲ್ಕು ಮಿಟುಕು ಎಂದು ಕೇಳಿದೊಡನೆ ನನ್ನೊಳಗಿನ ಪಂಡಿತ ಎದ್ದು ಕುಳಿತ. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ನಡೆ ಭಾಮಿನಿ ಷಟ್ಪದಿಯದು. ಎಳೆತನದಿಂದ ನನ್ನ ರಕ್ತದಲ್ಲಿ ಹರಿದ ನಡೆ. ಮಿಟುಕಿಗೊಂದು ಮಾತ್ರೆಯೆಂದು ಹಿಡಿದು, ಅರ್ಥವಿಲ್ಲದ ಅಕ್ಷರಗಳನ್ನು ಹೊಂದಿಸಿಕೊಂಡು, ತುಂಡಾದ ತಂತಿಯ ಕಂಟ್ರೋಲರಿನ ಮೇಲೆ ಹಾಡುತ್ತ ಬೆರಳಾಡಿಸಿದೆ. ಮೊದಲು ನಿಧಾನವಾಗಿ, ಆಮೇಲೆ ನಾಲಗೆ ತೊಡರುವಷ್ಟು ವೇಗವಾಗಿ. ಮುಂದೆ ಪರದೆಯಿಲ್ಲ, ಕಾದಾಳಿಲ್ಲ. ದೇವರ ಮನೆಯ ಗೋಡೆ ಮಾತ್ರ. ಮಾನಸ ಪೂಜೆ ಮಾಡಿ ಬಲ್ಲವನಿಗೆ ಅದು ಕೊರತೆಯೆನಿಸಲಿಲ್ಲ. ಸಂಧ್ಯಾವಂದನೆಗೆ ಮೊದಲು ಇನ್ನೂರು ಜಾರುನಡೆ, ಊಟಕ್ಕೆ ಮೊದಲು ಇನ್ನೂರು ಅರೆಯಿಳಿತ. ಮಧ್ಯಾಹ್ನ ಮಾತ್ರ ಎಂದಿನಂತೆ ಚಾವಡಿಯ ಬೆಂಚು. ಕೊಡದವ್ವ ಕೂದಲು ಹಿಂದೆ ತಳ್ಳುವಳು, ಮೂರು ಹೆಜ್ಜೆ ನಡೆಯುವಳು, ಕೊಡ ಚಾಚುವಳು, ಕೆಳಗೆ ನೋಡುವಳು. 'ಬಂದಿದ್ದೇನೆ, ಇಲ್ಲೇ ಇದ್ದೇನೆ' ಎಂದು ನಾನು ಮನಸ್ಸಿನಲ್ಲಿ ಹೇಳುವೆನು. ಅವಳು ಹಿಂದಿರುಗುವಳು.

ಕಾರ್ತಿಕದ ಹುಣ್ಣಿಮೆಯ ದಿನ ಹನ್ನೊಂದು ಗಂಟೆಗೆ ಚಾವಡಿ ತುಂಬಿತ್ತು. ಗುರುಬಸವಯ್ಯನವರು ಕೊಪ್ಪರಿಗೆಯ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟಲನ್ನು ಬೆರಳ ತುದಿಯಲ್ಲಿ ಹಿಡಿದು ನಿಂತರು. ನಾನು ನಿಜವಾದ ಕಂಟ್ರೋಲರನ್ನು ಹಿಡಿದೆ. ಬಟ್ಟಲು ನೀರಿಗಿಳಿಯಿತು.

ಮೊದಲನೆಯ ಸುತ್ತಿನಲ್ಲಿ ಆದದ್ದನ್ನು ಹೇಳಲು ಹೆಚ್ಚು ಮಾತು ಬೇಕಿಲ್ಲ. ನನ್ನ ಜಾರುನಡೆ ಜಾರಿತು, ಅರೆಯಿಳಿತ ಇಳಿಯಿತು. ಜನರು ಅಚ್ಚರಿಯಿಂದ ಗೊಣಗಿದ್ದು ಕೇಳಿಸಿತು. ಆದರೂ ನಾನು ಜಾರಿದಲ್ಲೆಲ್ಲ ಹೊನ್ನಗರಿಯ ಉಗುರು ಮೊದಲೇ ಕಾದಿರುತ್ತಿತ್ತು. ಸಾಲದ್ದಕ್ಕೆ ಕಡ್ಡಿ ತಾನಾಗಿ ಎಡಕ್ಕೆ ಎಳೆಯುತ್ತಿತ್ತು. ಅಂಚಿನ ಬಳಿ ಹೋದಾಗಲೆಲ್ಲ ಕೊಡದವ್ವನ ಕೈ ಕೊಡವನ್ನು ಹೊರಚಾಚಲು ತವಕಿಸುತ್ತಿತ್ತು. ವಾರಿಜೆಯ ಅಭ್ಯಾಸವೆಂದು ತಿಳಿದು, ಮನಸ್ಸಿನಲ್ಲಿ ಅವಳ ಕ್ಷಮೆ ಕೇಳಿ, ಬಲವಾಗಿ ಬಲಕ್ಕೆ ತಿರುಗಿಸುತ್ತಿದ್ದೆ. ಆರು ನಿಮಿಷಕ್ಕೆ ನನ್ನ ಮೂರು ಪ್ರಾಣಗಳೂ ಹೋದವು. ಜುಲೇಖಾಳದು ಒಂದೂ ಹೋಗಲಿಲ್ಲ.

ಗುರುಬಸವಯ್ಯನವರು ತೂತಿಗೆ ಬೆರಳೊತ್ತಿ ಬಟ್ಟಲನ್ನು ಕಾಲು ಭಾಗದ ನೀರಿನೊಂದಿಗೆ ಎತ್ತಿ ಹಿಡಿದರು. ಜುಲೇಖಾ ನನ್ನ ಕಡೆಗೆ ಬಾಗಿ ಮೆಲ್ಲಗೆ ಹೇಳಿದಳು, "ಮೇಷ್ಟ್ರೇ, ತುಟಿ ಅಲ್ಲಾಡ್ತಾ ಇದೆ."

"ಏನು?"

"ಹಾಡ್ತಾ ಇದ್ದೀರಿ. ಮೂರಾದ್ಮೇಲೆ ನಾಲ್ಕು, ನಾಲ್ಕಾದ್ಮೇಲೆ ಮೂರು. ಎಲ್ಲಿ ಇಳೀತೀರಿ ಅಂತ ನಿಮ್ಮ ಬಾಯೇ ಹೇಳ್ತಾ ಇದೆ. ನಾನು ಪರದೆ ನೋಡ್ಲೇ ಇಲ್ಲ." ಅವಳ ಕಣ್ಣು ಮಿನುಗಿತು. "ಆ ಎರಡು ಮಾರ್ಕು ಈಗ್ಲಾದ್ರೂ ಕೊಡ್ತೀರಾ?"

ಮೂವತ್ತೊಂದು ವರ್ಷ ಛಂದಸ್ಸು ಕಲಿಸಿದವನು ಮಾಡಬಹುದಾದ ತಪ್ಪು ಇದೊಂದೇ ಆಗಿತ್ತು, ಅದನ್ನು ಮಾಡಿದ್ದೆ. ಎರಡನೆಯ ಸುತ್ತಿಗೆ ಉತ್ತರೀಯದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕುಳಿತೆ. ಬಾಯಿ ಮುಚ್ಚಿದೊಡನೆ ಬೆರಳುಗಳು ದಾರಿ ತಪ್ಪಿದವು. ಒಂದು ಪ್ರಾಣ ಬೇಗನೆ ಹೋಯಿತು. ಆಮೇಲೆ ಮೆಲ್ಲಮೆಲ್ಲನೆ, ಹಾಡಿಲ್ಲದ ಆ ಮೌನದಲ್ಲಿ, ಕಡ್ಡಿಯ ಕೆಳಗಿನ ಎಳೆತ ಸ್ಪಷ್ಟವಾಗತೊಡಗಿತು. ನಾನು ನಿಲ್ಲಬೇಕೆಂದಲ್ಲಿ ಅದು ಒಂದು ಎಳೆ ಮುಂದೆ ಸರಿಸುತ್ತಿತ್ತು. ನಾನು ಹೊಡೆಯಬೇಕೆಂದಾಗ ಒಂದು ಎಳೆ ತಡೆಯುತ್ತಿತ್ತು. ಅದರೊಡನೆ ಜಗಳವಾಡುವುದನ್ನು ಬಿಟ್ಟೆ. ಮದುವೆಯಾದಂದಿನಿಂದ ವಾರಿಜೆಯೊಡನೆ ಕೂಡಿ ನಾನು ಮಾಡಿದ ಮೊದಲ ಕೆಲಸ ಅದು. ಹೊನ್ನಗರಿಯ ಒಂದು ಪ್ರಾಣ ಹೋಯಿತು. ನನ್ನದು ಇನ್ನೊಂದು. ಜುಲೇಖಾಳದು ಇನ್ನೊಂದು. ಚಾವಡಿಯಲ್ಲಿ ಎಲೆಯಡಿಕೆ ಅಗಿಯುವ ಸದ್ದೂ ನಿಂತಿತ್ತು. ಕಣ್ಣಂಚಿನಲ್ಲಿ ಬಟ್ಟಲು ಕಂಡಿತು, ಅರ್ಧ ದಾಟಿತ್ತು.

ಇಬ್ಬರಿಗೂ ಕಡೆಯ ಪ್ರಾಣ. ಕೊಡದವ್ವ ಗಾಳಿಗಿಂತ ಹಗುರಾಗಿದ್ದಳು. ಹೊನ್ನಗರಿಯೂ ಹೆಚ್ಚೇನೂ ಭಾರವಿರಲಿಲ್ಲ. ಜುಲೇಖಾಳ ಉಗುರು ತಾಗಿತು. ಕಡ್ಡಿಯನ್ನು ಅಡ್ಡಲಾಗಿ ಬಾಗಿಸಿದೆ. ಕೊಡದವ್ವ ಎಡಗಡೆಯ ಮೂಲೆಗೆ ಹಾರಿ, ಸಾಯದೆ, ಮರಳತೊಡಗಿದಳು. ಅವಳ ಗಿಡ್ಡ ಜಿಗಿತ ಮುಗಿಯಿತು. ಎಂದಿನಂತೆ ಅಂಚಿಗೆ ಒಂದು ಗೇಣು ಸಾಲದು. ಹೊನ್ನಗರಿ ಬಂದು ಆ ಅಂಚಿನ ಮೇಲೆಯೇ ನಿಂತು ಕೆಳಗೆ ನೋಡುತ್ತಿತ್ತು.

ಆಗ ಕೈಯೊಳಗೆ ಆ ಹಳೆಯ ತವಕ ಬಂದಿತು, ಕೊಡವನ್ನು ಹೊರಚಾಚುವ ತವಕ. ಎರಡು ವರ್ಷ ದಿನವೂ ಕಂಡದ್ದನ್ನು ಆ ಒಂದು ಕ್ಷಣದಲ್ಲಿ ಮೊದಲ ಬಾರಿ ಓದಿದೆ. ಅವಳು ಯಾರ ದಾರಿಯನ್ನೂ ನೋಡುತ್ತಿರಲಿಲ್ಲ. ಮೂರು ಹೆಜ್ಜೆ ನಡೆದು, ಕೊಡ ಚಾಚಿ, ಬಗ್ಗಿ, ಅದು ಎಷ್ಟು ವೇಗದಲ್ಲಿ ಬಿದ್ದೀತು, ತಾನು ಎಷ್ಟು ವೇಗದಲ್ಲಿ ಬಿದ್ದೇನು ಎಂದು ಅಳೆಯುತ್ತಿದ್ದಳು. ಕೊಡ ಹೋದರೆ ಕೊಡದವ್ವನಿಗೆ ಆಯುಧವೇ ಇಲ್ಲ. ಅದನ್ನು ಅಂಚಿನಾಚೆ ಎಸೆಯುವ ಯೋಚನೆ ಊರಲ್ಲಿ ಯಾರಿಗೂ ಬಂದಿರಲಿಲ್ಲ, ಅವಳೊಬ್ಬಳಿಗೆ ಬಂದಿತ್ತು. ತಾಳೆಗರಿಯ ಹರಿದ ತುದಿಯಲ್ಲಿ ಪದ್ಯದ ಕಡೆಯ ಸಾಲನ್ನು ಹುಡುಕುತ್ತ ನಾನು ಎಷ್ಟು ಮಧ್ಯಾಹ್ನಗಳನ್ನು ಕಳೆದೆನೋ ಅಷ್ಟೇ ಮಧ್ಯಾಹ್ನಗಳನ್ನು ಅವಳು ಇಲ್ಲಿ ತನ್ನ ಕಡೆಯ ಸಾಲನ್ನು ಹುಡುಕುತ್ತ ಕಳೆದಿದ್ದಳು. ಮೂರು ಸಾಲು ಬರೆದು ಸಮಸ್ಯೆಯನ್ನು ಬಿಟ್ಟುಹೋಗಿದ್ದಳು. ನಾನು ಆ ಮೂರು ಸಾಲನ್ನು ನನಗೆ ಬರೆದ ಓಲೆಯೆಂದುಕೊಂಡಿದ್ದೆ.

ಕೊಡವನ್ನು ಕೈಬಿಟ್ಟೆ. ಅದು ಕೆಳಗೆ ಬಿದ್ದಿತು, ಅವಳಿಗಿಂತ ನಿಧಾನವಾಗಿ. ಅವಳ ಪಾದ ಅದರ ಬಾಯಿಯನ್ನು ಮುಟ್ಟಿದ ಮಿಟುಕಿನಲ್ಲಿ ಜಿಗಿತದ ಗುಂಡಿ ಒತ್ತಿದೆ. ಕೊಡದವ್ವ ಎಂದೂ ಏರದಷ್ಟು ಎತ್ತರಕ್ಕೆ ಏರಿದಳು; ಬರಿಗೈಯಲ್ಲಿ, ತಲೆ ಮುಂದಾಗಿ, ಅಂಚಿನ ಮೇಲೆ ಬಾಗಿದ್ದ ಹೊನ್ನಗರಿಯ ಎದೆಗೆ ಕೆಳಗಿನಿಂದ ಬಡಿದಳು. ಹೊನ್ನಗರಿ ಮೇಲಕ್ಕೆ ಹಾರಿ, ಚುಕ್ಕೆಯಾಗಿ, ಇಲ್ಲವಾಯಿತು.

ಮೊದಲು ಮಾತಾಡಿದವಳು ಜುಲೇಖಾ.

"ಅಮ್ಮ ಇದನ್ನ ನನಗೂ ತೋರ್ಸಿರ್ಲಿಲ್ಲ" ಎಂದಳು. ಅವಳ ಕೆನ್ನೆಯ ಮೇಲಿನ ಹಿಟ್ಟಿನಲ್ಲಿ ಎರಡು ಗೆರೆಗಳು ಮೂಡಿದ್ದವು. "ನನ್ನನ್ನ ಸೋಲ್ಸೋಕೇ ಇಟ್ಕೊಂಡಿದ್ರು, ನೋಡಿ."

ಗುರುಬಸವಯ್ಯನವರು ಬಟ್ಟಲನ್ನೆತ್ತಿ, "ಮೂರನೇ ಸುತ್ತು?" ಎಂದರು. ನಾನು ಕಂಟ್ರೋಲರನ್ನು ಕೆಳಗಿಟ್ಟೆ. "ಪಂದ್ಯ ಜುಲೇಖಾಳದು. ನನಗೆ ಒಂದು ಸುತ್ತು ಸಾಕು." ಅವರು ಬಟ್ಟಲಿನ ಒಳಮೈಯಲ್ಲಿ ನೀರು ನಿಂತಿದ್ದ ಮಟ್ಟಕ್ಕೆ ಉಗುರಿನಿಂದ ಒಂದು ಗೆರೆ ಎಳೆದರು. ಹದಿಮೂರು ನಿಮಿಷ ಸಂದಿತ್ತು. ಹನ್ನೊಂದು ಉಳಿದಿತ್ತು.

ಆ ಹದಿಮೂರು ನಿಮಿಷಕ್ಕೂ ಬೆಲೆಯಿತ್ತು. ಮರುದಿನ ಊಟ ಮುಗಿಸಿ ಬೆಂಚಿನ ಮೇಲೆ ಕುಳಿತು ಕಾದೆ. ಕೊಡದವ್ವ ನಿಂತಿದ್ದಳು. ಬಲಗೈ ಹಣೆಗೆ ಏರಲಿಲ್ಲ. ಆ ದಿನವಿಡೀ ಕಾದೆ. ಒಂಬತ್ತು ದಿನ ಕಾದೆ. ಮಣಿಕಟ್ಟಿನಿಂದ ಕೂದಲನ್ನು ಹಿಂದೆ ತಳ್ಳುವ ಆ ಸನ್ನೆ ಹೊರಟುಹೋಗಿತ್ತು. ನನ್ನ ಕೈ ಅದರ ಮೇಲೆ ಬಿದ್ದು ಅಳಿಸಿಹಾಕಿತ್ತು. ಈಗ ಅದು ನನ್ನ ನೆನಪಿನಲ್ಲಿ ಮಾತ್ರ ಇದೆ. ನೆನಪು ಮುದಿ ಪಂಡಿತನೊಬ್ಬನ ಸ್ವತ್ತು. ಎಷ್ಟು ದಿನ ಬಾಳೀತೋ ತಿಳಿಯದು.

ಉಳಿದದ್ದನ್ನು ಹೇಳುತ್ತೇನೆ. ಅವಳು ಈಗಲೂ ಎಡಕ್ಕೆ ಮೂರು ಹೆಜ್ಜೆ ನಡೆಯುತ್ತಾಳೆ. ಕೊಡವನ್ನು ಚಾಚುತ್ತಾಳೆ, ಬಗ್ಗಿ ನೋಡುತ್ತಾಳೆ. ಆಮೇಲೆ ಕೈ ಬಿಡುತ್ತಾಳೆ. ಕೊಡದ ಹಿಂದೆಯೇ ತಾನೂ ಜಿಗಿಯುತ್ತಾಳೆ. ಪರದೆಯಲ್ಲಿ ಜಗಲಿ ಬರಿದಾಗುತ್ತದೆ. ಆ ಬರಿದಾದ ಜಗಲಿಯನ್ನು ನೋಡುತ್ತ ಪ್ರತಿದಿನವೂ ಮಾತ್ರೆಗಳನ್ನು ಎಣಿಸುತ್ತೇನೆ. ಮತ್ತೆ ಕೆಳಗಿನಿಂದ ಅವಳ ತಲೆ ಕಾಣಿಸುತ್ತದೆ, ಭುಜ ಕಾಣಿಸುತ್ತದೆ. ಅಂಚಿನ ಮೇಲೆ ಇಳಿಯುತ್ತಾಳೆ, ಮುಗ್ಗರಿಸದೆ, ನಾಲ್ಕು ಮಾತ್ರೆಗಳ ಲೆಕ್ಕಕ್ಕೆ ಸರಿಯಾಗಿ. ಜಿಗಿಯುವುದು ಅವಳ ಕೈ, ಇಳಿಯುವುದು ನನ್ನ ಕೈ ಎಂದು ಒಂದು ದಿನ ಅನ್ನಿಸುತ್ತದೆ; ಇನ್ನೊಂದು ದಿನ ಬೇರೆ ಮಾಡಿ ಹೇಳಲಾಗುವುದಿಲ್ಲ.

"ಮುಂಚೆ ಬರೀ ಕೆಳಗೆ ನೋಡ್ತಿದ್ರು" ಎಂದಳು ಜುಲೇಖಾ ಒಂದು ಮಧ್ಯಾಹ್ನ, ನನ್ನ ಪಕ್ಕ ಕುಳಿತು. "ಈಗ ಹೋಗಿ ವಾಪಸ್ ಬರ್ತಾರೆ."

ಆ ದಿನ ನಾನು ಮನೆಯಿಂದ ಮುಚ್ಚಳದ ಪಾತ್ರೆಯೊಂದನ್ನು ತಂದಿದ್ದೆ. ಹೆಸರುಬೇಳೆ ಸ್ವಲ್ಪ ಸೀದಿತ್ತು, ಬೆಲ್ಲ ಹೆಚ್ಚಾಗಿತ್ತು. ಲೋಟಗಳಿಗೆ ಬಗ್ಗಿಸಿ ಮೊದಲು ಜುಲೇಖಾಳಿಗೆ ಕೊಟ್ಟು, "ಎರಡು ಮಾರ್ಕಿನ ಬಾಬ್ತು" ಎಂದೆ. ಅವಳು ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಇದಕ್ಕೆ ನಾನು ಮಾರ್ಕು ಕೊಡ್ಬೇಕಾದ್ರೆ ನೀವೂ ಫೇಲೇ ಮೇಷ್ಟ್ರೇ." ಗುರುಬಸವಯ್ಯನವರು ಕೋಲೂರುತ್ತ ಬಂದು ತಮ್ಮ ಲೋಟ ತೆಗೆದುಕೊಂಡು ಕೇಳಿದರು, "ಹಬ್ಬ ಇಲ್ಲ, ಹರಿದಿನ ಇಲ್ಲ. ಇವತ್ತೇನು ವಿಶೇಷ, ಶಾಸ್ತ್ರಿಗಳೇ?"

ಪರದೆಯ ಕಡೆಗೆ ನೋಡಿದೆ. ಜಗಲಿ ಬರಿದಾಗಿತ್ತು.

"ವಾರಿಜೆ ಗೆದ್ದಿದ್ದಾಳೆ" ಎಂದೆ.

ಈ ಕಥೆಯನ್ನು ಕೇಳಿದವರಿಗೂ ಓದಿದವರಿಗೂ ಕಿವಿಗೆ ಬಿದ್ದರೂ ಗಮನಿಸದೆ ಹೋದವರಿಗೂ ಮಂಗಳವಾಗಲಿ. ಬಾಗಿಲಲ್ಲಿ ನಿಂತು ಹೋಗಿಬರುತ್ತೇನೆ ಎನ್ನುವವರ ಮುಖವನ್ನು ತಲೆಯೆತ್ತಿ ನೋಡುವ ಬುದ್ಧಿ, ನೋಡಬೇಕಾದ ಕಾಲದಲ್ಲಿಯೇ ನಿಮಗೆ ಬರಲಿ. ಬಿದ್ದವರ ಪಾದಕ್ಕೆ ತಾವು ಕೈಬಿಟ್ಟದ್ದೇ ಮೆಟ್ಟಿಲಾಗಲಿ. ಒಂದು ಗೇಣು ಸಾಲದವರಿಗೆ ಮೂರು ಹೆಜ್ಜೆಯ ಸ್ವಾಮಿ ಆ ಒಂದು ಗೇಣನ್ನು ಕರುಣಿಸಲಿ. ಎಲ್ಲರ ಬಟ್ಟಲಿನಲ್ಲಿಯೂ ಇನ್ನೂ ಕೆಲವು ನಿಮಿಷ ಉಳಿದಿರಲಿ.